ಪಾದಪೂಜೆಯ ಮಾತ್ರೆ

ಆ ಮಾತ್ರೆಗಳನ್ನು ತಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬೇರೆಯವರನ್ನು ಬೈಯುವುದಿದೆ. ಅಣ್ಣ ಇರಣ್ಣನನ್ನು ಬೈಯುತ್ತೇನೆ, ಹೆತ್ತ ಮಗನನ್ನು ಬೈಯುತ್ತೇನೆ, ಸ್ವಾಮಿಗಳನ್ನೂ ಬಿಡುವುದಿಲ್ಲ. ಆಗ ನೀವು, ಈ ಮುದುಕಿ ತನ್ನ ತಪ್ಪನ್ನು ಊರಿಗೆಲ್ಲ ಹಂಚಿ ಕೈತೊಳೆದುಕೊಳ್ಳುತ್ತಿದ್ದಾಳೆ ಅಂದುಕೊಳ್ಳಬಾರದು.

ನನ್ನ ಹೆಸರು ಸುಮಂಗಲಾ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹೌದು, ವಿಜ್ಞಾನವೇ. ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂತೆಂದರೆ ಪುಸ್ತಕ ಮುಚ್ಚಿ, "ಇದನ್ನ ಮನ್ಯಾಗ ಓದ್ಕೊಂಡ ಬರ್ರಿ" ಎನ್ನುತ್ತಿದ್ದೆ. ಮನೆಯಲ್ಲಿ ಯಾರು ಹೇಳಿಕೊಡುತ್ತಿದ್ದರೋ ಆ ಶಿವನೇ ಬಲ್ಲ. ಯಜಮಾನರು ತೀರಿಕೊಂಡ ಮೇಲೆ ಮಗ ಬಸು, ಸೊಸೆ ಸ್ಫೂರ್ತಿ ಇರುವ ಕಾಡುಗೋಡಿಯ ಅಪಾರ್ಟ್‌ಮೆಂಟಿಗೆ ಬಂದು ಸೇರಿಕೊಂಡೆ.

ಸ್ಫೂರ್ತಿ ದಾವಣಗೆರೆಯ ಹುಡುಗಿ. ಮೂವತ್ತೊಂದು ವಯಸ್ಸು. ಬಸುವಿನಂತೆ ಅವಳೂ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ವಾರಕ್ಕೆ ಮೂರು ದಿನ ಮನೆಯಿಂದಲೇ. ನನಗೂ ಅವಳಿಗೂ ಚೆನ್ನಾಗಿಯೇ ಇತ್ತು. ಅತ್ತೆ ಸೊಸೆಯ ಕತೆ ಎಂದ ಕೂಡಲೇ ಜನ ಸೀಮೆಎಣ್ಣೆಯ ವಾಸನೆ ಹುಡುಕುತ್ತಾರೆ, ಅದಕ್ಕೇ ಈ ಮಾತು. ಅವಳ ಊಟ ತಣ್ಣಗಾದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಪ್ರೀತಿ ಇದ್ದರೆ ಕೈಯಿಂದ ಕೆಡುಕು ಆಗುವುದಿಲ್ಲ ಎಂದು ನಾನೂ ಆಗ ನಂಬಿದ್ದೆ.

ಕಾರ್ತಿಕದ ಆರಂಭದಲ್ಲಿ ಇರಣ್ಣ ಫೋನ್ ಮಾಡಿದ. ಜಾಲಹಳ್ಳಿಯಲ್ಲಿರುತ್ತಾನೆ, ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತನಾದವನು, ಈಗ ನಮ್ಮ ಕಡೆಯ ಮಠದ ಕೆಲಸಗಳಿಗೆಲ್ಲ ತಾನೇ ಫೋರ್‌ಮನ್.

"ಸುಮಾ, ಅಪ್ಪಾವ್ರು ಎಂಟನೇ ತಾರೀಖಿಗೆ ನಿಮ್ಮ ಕಡೆ ಬರ್ತಾರ. ನಿಮ್ಮ ಮನ್ಯಾಗ ಪಾದಪೂಜಿ ಇಟ್ಟೀನಿ. ಬಸು, ಸ್ಫೂರ್ತಿ ಜೋಡೀಲೆ ಕೂಡಬೇಕ ನೋಡು."

ಅಪ್ಪಾವ್ರೆಂದರೆ ನಮ್ಮ ಮಠದ ಸ್ವಾಮಿಗಳು. ಸಂತೋಷವಾಯಿತು. ಫೋನ್ ಇಟ್ಟವಳೇ ಅಡುಗೆಮನೆಯ ಕ್ಯಾಲೆಂಡರ್ ಮುಂದೆ ನಿಂತೆ. ಸೊಸೆಯ ತಿಂಗಳ ದಿನವನ್ನು ನಾನು ಅದರಲ್ಲಿ ಪೆನ್ಸಿಲಿನಿಂದ ಗುರುತು ಮಾಡುತ್ತಿದ್ದೆ. ಮೊಮ್ಮಗುವಿನ ಆಸೆ ಇದ್ದ ಯಾವ ಅತ್ತೆಯೂ ಮಾಡುವ ಕೆಲಸ, ಅದರಲ್ಲಿ ಮುಚ್ಚಿಡುವುದೇನು? ಹೋದ ತಿಂಗಳು ಒಂಬತ್ತಕ್ಕೆ ಆಗಿತ್ತು. ಈ ತಿಂಗಳು ಆರಕ್ಕೆ ಬರಬೇಕು. ಎಂಟಕ್ಕೆ ಪೂಜೆ.

ಈಗ ನನ್ನ ಗುಣ ಕೇಳಿ. ನಮ್ಮ ಧರ್ಮದಲ್ಲಿ ಸೂತಕವೇ ಇಲ್ಲ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಐದೂ ಸೂತಕಗಳನ್ನು ಶರಣರು ಎಂಟುನೂರು ವರ್ಷದ ಹಿಂದೆಯೇ ಹೊಸಿಲಾಚೆ ಹಾಕಿದರು ಎಂದು ಎಷ್ಟೋ ಬಸವ ಜಯಂತಿಗಳಲ್ಲಿ ಮೈಕ್ ಹಿಡಿದು ಹೇಳಿದವಳು ನಾನು. ಚಪ್ಪಾಳೆಯೂ ಬಿದ್ದಿದೆ. ಅಂಥವಳು ಕ್ಯಾಲೆಂಡರ್ ಮುಂದೆ ನಿಂತು, ಸ್ವಾಮಿಗಳ ಜೊತೆ ಮಠದ ಹತ್ತು ಮಂದಿ ಬರುತ್ತಾರೆ, ಯಾರಾದರೂ ಏನಾದರೂ ಅಂದರೆ, ಎಂದು ಲೆಕ್ಕ ಹಾಕಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ನಮ್ಮ ಗೇಟಿನ ಎದುರು ಮುರಳಿಯ ಮೆಡಿಕಲ್ ಶಾಪ್ ಇದೆ. ಅಲ್ಲಿ ನಿಂತಿದ್ದ ಇಬ್ಬರು ಗಂಡಸರು ಹೋಗುವ ತನಕ ಕೆಮ್ಮಿನ ಔಷಧಿಗಳ ಹೆಸರು ಓದುತ್ತ ನಿಂತೆ. ಆಮೇಲೆ ದನಿ ತಗ್ಗಿಸಿ, "ಮುರಳಿ, ಅದು... ಡೇಟ್ ಮುಂದಕ್ಕೆ ಹೋಗೋ ಮಾತ್ರೆ" ಅಂದೆ. ಅವನು ಚೀಟಿ ಕೇಳಲಿಲ್ಲ. ಯಾರಿಗೆ, ವಯಸ್ಸೆಷ್ಟು, ಬೇರೆ ಕಾಯಿಲೆ ಇದೆಯೇ, ಒಂದನ್ನೂ ಕೇಳಲಿಲ್ಲ. ಸ್ಟ್ರಿಪ್ಪನ್ನು ಪೇಪರಿನಲ್ಲಿ ಸುತ್ತಿದ.

"ದಿನಕ್ಕೆ ಮೂರು ಮೇಡಂ. ಫಂಕ್ಷನ್ ಮುಗಿಯೋ ತನಕ."

"ಏನೂ ತೊಂದ್ರಿ ಇಲ್ಲಲ್ಲಪಾ?"

"ಎಲ್ರೂ ತಗೊಳ್ತಾರೆ ಮೇಡಂ. ಹಬ್ಬದ ಟೈಮಲ್ಲಿ ಸ್ಟಾಕೇ ಉಳಿಯಲ್ಲ."

ಎಲ್ಲರೂ ತಗೊಳ್ಳುತ್ತಾರೆ ಎಂದ ಮೇಲೆ ಮುಗಿಯಿತಲ್ಲ. ಮಾವಿನಕಾಯಿ ಕೊಳ್ಳುವಾಗ ಕೂಡ ನಾನು ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತೇನೆ.

ಸ್ಫೂರ್ತಿ ಪೊಟ್ಟಣ ಬಿಚ್ಚಿ ನಕ್ಕಳು. "ಅತ್ತೆ, ನಮ್ಮಲ್ಲಿ ಇದೆಲ್ಲ ಇಲ್ಲ ಅಂತ ನೀವೇ ಭಾಷಣ ಮಾಡ್ತೀರಲ್ಲ?"

"ನಮ್ಮಲ್ಲಿ ಇಲ್ಲವ್ವ. ಬರಾವ್ರ ತಲ್ಯಾಗ ಇರ್ತೈತಿ. ಐದಾರು ದಿನದ ಮಾತು."

"ಬಸೂಗೆ ಹೇಳ್ಲಾ?"

"ಗಂಡಸರಿಗ್ಯಾಕ ಇದೆಲ್ಲಾ?"

ಅವಳು ಭುಜ ಹಾರಿಸಿ, ನನ್ನ ಎದುರಿಗೇ ನೀರು ಕುಡಿದು ಒಂದನ್ನು ನುಂಗಿದಳು. ಅಂದು ಮೂರನೇ ತಾರೀಖು.

ಏಳನೇ ತಾರೀಖಿಗೆ ಇರಣ್ಣನ ಫೋನ್ ಬಂತು. ಅಪ್ಪಾವ್ರಿಗೆ ಹುಬ್ಬಳ್ಳಿಯಲ್ಲಿ ಬೇರೆ ಕಾರ್ಯಕ್ರಮ ಬಂದಿದೆ, ಪಾದಪೂಜೆ ಹದಿನೈದಕ್ಕೆ. ನಾನು ಮತ್ತೆ ಮುರಳಿಯ ಅಂಗಡಿಗೆ ಹೋದೆ. ಹದಿನಾಲ್ಕಕ್ಕೆ ಮತ್ತೆ ಫೋನ್. ಈ ಸಲ ಇಪ್ಪತ್ನಾಲ್ಕಕ್ಕೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಸ್ಫೂರ್ತಿ ರೊಟ್ಟಿ ಮುರಿದು ಬಾಯಿಗಿಡದೆ ತಟ್ಟೆಯಲ್ಲೇ ಬಿಟ್ಟಳು. ಬಸು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಳಗಿನ ಕೋಣೆಯಲ್ಲಿ ಅಮೆರಿಕದವರ ಜೊತೆ ಮೀಟಿಂಗಿನಲ್ಲಿದ್ದ.

"ಅತ್ತೆ, ನಿಲ್ಲಿಸ್ಬಿಡ್ಲಾ? ತಲೆ ಭಾರ, ಮೈಯೆಲ್ಲ ಊದಿದಂಗೆ ಅನ್ಸುತ್ತೆ. ಒಂದ್ಸಲ ಡಾಕ್ಟರನ್ನಾದ್ರೂ ಕೇಳೋಣ."

"ಇಷ್ಟಕ್ಕ ಡಾಕ್ಟರ್ ಕಡೆ ಹೋಗಿ ಏನಂತ ಹೇಳೂದವ್ವ? ಸ್ವಾಮಿಗಳು ಬರ್ತಾರ, ಅದಕ್ಕ ಮುಟ್ಟು ನಿಲ್ಸೀವಿ ಅಂತನಾ? ಈಗ ಬಿಟ್ರ ಸರಿಯಾಗಿ ಪೂಜಿ ದಿನಾನ ಹೊರಗಾಗ್ತಿ. ಇಷ್ಟು ದಿನ ತಡಕೊಂಡಿ, ಇನ್ನ ಹತ್ತ ದಿನ."

ಡಾಕ್ಟರ್ ಬದಲು ಮುರಳಿಯನ್ನು ಕೇಳಿದೆ. "ಕಂಟಿನ್ಯೂ ಮಾಡ್ಲಿ ಮೇಡಂ, ಗ್ಯಾಪ್ ಕೊಡ್ಬಾರ್ದು" ಅಂದ. ಅವನಿಗೆ ಅದು ವ್ಯಾಪಾರ, ನನಗೆ ಅದು ಬೇಕಾದ ಉತ್ತರ. ಇಬ್ಬರಿಗೂ ಅನುಕೂಲವಾಯಿತು.

ಇಪ್ಪತ್ತೊಂದಕ್ಕೆ ಅವಳ ಎಡಗಾಲು ನೋಯತೊಡಗಿತು. ಮೀನಖಂಡದಲ್ಲಿ ಹಿಡಿದುಕೊಂಡ ಹಾಗೆ ಆಗುತ್ತಿದೆ ಅಂದಳು. ದಿನಕ್ಕೆ ಹತ್ತು ತಾಸು ಕುರ್ಚಿಯಲ್ಲಿ ಕೂತರೆ ಇನ್ನೇನಾಗುತ್ತದೆ ಎಂದು ಗದರಿದೆ. ಆಮೇಲೆ ಕರುಳು ಕೇಳಲಿಲ್ಲ. ಔಡಲೆಣ್ಣೆ ಬಿಸಿ ಮಾಡಿ, ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಿಮ್ಮಡಿಯಿಂದ ಮೊಣಕಾಲಿನ ತನಕ ಗಟ್ಟಿಯಾಗಿ ನೀವಿದೆ. ಅವಳು ಹಲ್ಲು ಕಚ್ಚಿಕೊಂಡು ಕೂತಳು. ನೋವಾದರೆ ಒಳ್ಳೆಯದು, ಗಂಟು ಬಿಡುತ್ತದೆ ಅಂದೆ. ಆ ಮಾತನ್ನು ಈಗ ನೆನೆದರೆ ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಮರುದಿನವೂ ನೀವಿದೆ. ಅದರ ಮರುದಿನ, ಇಪ್ಪತ್ಮೂರರ ಬೆಳಿಗ್ಗೆ, ನಾನು ಎಣ್ಣೆಯ ಬಟ್ಟಲು ಹಿಡಿದು ಕೂತಾಗ ಮಲಕವ್ವ ಕಸ ಗುಡಿಸುತ್ತಿದ್ದವಳು ಅಲ್ಲೇ ನಿಂತಳು. ಸುರಪುರದ ಕಡೆಯವಳು, ಕಾಡುಗೋಡಿಯಲ್ಲಿ ಬಾಡಿಗೆಯ ಕೋಣೆ. ನಮ್ಮ ಅಪಾರ್ಟ್‌ಮೆಂಟ್ ಕಟ್ಟುವಾಗ ಇಟ್ಟಿಗೆ ಹೊತ್ತವಳು, ಈಗ ಅದೇ ಗೋಡೆಗಳ ಒಳಗೆ ಪಾತ್ರೆ ತೊಳೆಯುತ್ತಾಳೆ. ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ ನನ್ನನ್ನು ಅಕ್ಕೋರ ಎಂದೇ ಕರೆಯುತ್ತಾಳೆ.

"ಅಕ್ಕೋರ, ತಿಕ್ಕಬ್ಯಾಡ್ರಿ."

"ಯಾಕ?"

"ಒಂದ ಕಾಲು ಬಾತೈತ್ರಿ. ಎರಡೂ ಬಾತ್ರ ಬ್ಯಾರೆ ಮಾತು. ಮುಟ್ಟಿ ನೋಡ್ರಿ, ಹ್ಯಾಂಗ ಬಿಸಿ ಐತಿ. ನಮ್ಮ ನೆಗೆಣ್ಣಿಗೆ ಬಾಣಂತನದಾಗ ಹಿಂಗ ಒಂದ ಕಾಲು ಬಾತಿತ್ರಿ."

"ಆಮ್ಯಾಲೇನಾತು?"

ಅವಳು ಸ್ಫೂರ್ತಿಯನ್ನು ನೋಡಿ, ಪೊರಕೆಯನ್ನು ನೋಡಿ, ನೆಲ ನೋಡಿದಳು. "ಹೋದ್ಳ್ರಿ" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಮನ್ಯಾಗ ಶುಭಕಾರ್ಯ ಇಟ್ಕೊಂಡ ಎಂಥಾ ಮಾತಾಡ್ತಿ? ನೀ ಏನ್ ಡಾಕ್ಟರ್ ಏನ? ಹೋಗು, ಕೆಲಸ ನೋಡು." ಅವಳು ಪೊರಕೆ ಎತ್ತಿಕೊಂಡು ಹೋದಳು. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವಳಿಗಿಂತ ಶಾಲೆಯ ಮೆಟ್ಟಿಲು ಹತ್ತದವಳು ಹೆಚ್ಚು ಕಂಡಿದ್ದಳು. ಅದನ್ನು ಒಪ್ಪಿಕೊಳ್ಳಲು ನನ್ನ ಡಿಗ್ರಿ ಬಿಡಲಿಲ್ಲ.

ಸ್ಫೂರ್ತಿ ಮಾತ್ರ ಮೆಲ್ಲಗೆ ಕಾಲು ಎಳೆದುಕೊಂಡಳು. "ಇವತ್ತು ಬೇಡ ಅತ್ತೆ. ನಾಳೆ ಪೂಜೆ ಮುಗೀಲಿ, ನಾನೇ ಹೋಗಿ ತೋರಿಸ್ಕೊಂಡು ಬರ್ತೀನಿ."

"ಹೂಂ, ನಾನೂ ಬರ್ತೀನಿ" ಅಂದೆ.

ಇಪ್ಪತ್ನಾಲ್ಕರ ಬೆಳಿಗ್ಗೆ ಮನೆ ತುಂಬ ಜನ. ಇರಣ್ಣ ಏಳಕ್ಕೇ ಬಂದು ಹೂವು, ಹಣ್ಣು, ತಟ್ಟೆ, ಕೊಡ ಎಂದು ಕೂಗಾಡುತ್ತಿದ್ದ. ಪೂಜೆ ಮುಗಿಯುವ ತನಕ ದಂಪತಿಗಳು ಏನೂ ತಿನ್ನುವಂತಿಲ್ಲ. ಸ್ಫೂರ್ತಿ ರೇಷ್ಮೆ ಸೀರೆ ಉಟ್ಟು ಕೋಣೆಯಿಂದ ಹೊರಗೆ ಬಂದಾಗ ಗೋಡೆ ಹಿಡಿದು ನಿಂತಳು. ಕೋಣೆಯಿಂದ ಹಾಲಿಗೆ ಹನ್ನೆರಡು ಹೆಜ್ಜೆ. ಅಷ್ಟಕ್ಕೇ ಏದುಸಿರು.

"ಅತ್ತೆ, ಉಸಿರು ಹಿಡಿದಂಗೆ ಆಗ್ತಿದೆ."

"ಉಪವಾಸ ಅಲ್ಲೇನವ್ವ, ಅದಕ್ಕ. ಇಷ್ಟ ಮುಗೀಲಿ, ಉಪ್ಪಿಟ್ಟು ತಿಂದ್ರ ಸರಿ ಹೋಗ್ತೈತಿ."

ಸ್ವಾಮಿಗಳು ಬಂದಾಗ ಹತ್ತು ಮುಕ್ಕಾಲು. ಬಸು, ಸ್ಫೂರ್ತಿ ಅವರ ಪಾದದ ಎದುರು ಮಣೆಯ ಮೇಲೆ ಕೂತರು. ನೀರು, ವಿಭೂತಿ, ಹೂವು, ಆರತಿ. ನಾನು ಸೊಸೆಯ ಹಿಂದೆಯೇ ನಿಂತಿದ್ದೆ. ರವಿಕೆಯ ಬೆನ್ನು ಬೆವರಿನಿಂದ ನೆನೆದು ಬಣ್ಣ ಬದಲಾಗಿತ್ತು. ನವೆಂಬರ್ ತಿಂಗಳು, ಮೇಲೆ ಫ್ಯಾನು. ಅವಳ ಭುಜ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು, ಓಡಿ ಬಂದವರ ಹಾಗೆ. ಒಮ್ಮೆ ತಿರುಗಿ ನನ್ನ ಮುಖ ನೋಡಿದಳು. ಹತ್ತು ನಿಮಿಷ ಎಂದು ಬೆರಳು ತೋರಿಸಿದೆ.

ಹತ್ತಲ್ಲ, ನಲವತ್ತು ನಿಮಿಷವಾಯಿತು. ಸ್ವಾಮಿಗಳು ಸಂಸಾರ, ಸಮಾಜ, ಮೊಬೈಲಿನ ಕೆಡುಕು ಎಂದು ಆಶೀರ್ವಚನ ಕೊಟ್ಟರು. ಎರಡು ಅಡಿ ದೂರದಲ್ಲಿ ಒಬ್ಬ ಹೆಣ್ಣುಮಗಳು ಗಾಳಿಗಾಗಿ ಬಾಯಿ ತೆರೆಯುತ್ತಿದ್ದದ್ದು ಅವರಿಗೂ ಕಾಣಲಿಲ್ಲ. ಕಂಡಿದ್ದರೂ ಭಕ್ತಿ ಎಂದುಕೊಂಡರೋ ಏನೋ. ಕೊನೆಗೆ, "ಮುಂದಿನ ಕಾರ್ತಿಕದೊಳಗ ಈ ತಾಯಿ ಮಡಿಲು ತುಂಬಲಿ" ಅಂದರು. ಇರಣ್ಣ ಕೈಮುಗಿದ. ಸ್ಫೂರ್ತಿ ನಮಸ್ಕಾರಕ್ಕೆಂದು ಎದ್ದಳು, ಒಂದು ಹೆಜ್ಜೆ ಇಟ್ಟಳು, ಆರತಿಯ ತಟ್ಟೆಯ ಮೇಲೆಯೇ ಬಿದ್ದಳು.

ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡೆ. ತುಟಿ ನೇರಳೆ ಹಣ್ಣು ತಿಂದ ಹಾಗೆ ಕಪ್ಪಿಟ್ಟಿತ್ತು. ಬಸು, "ಸ್ಫೂರ್ತಿ, ಸ್ಫೂರ್ತಿ" ಎಂದು ಕೆನ್ನೆ ತಟ್ಟುತ್ತಿದ್ದ. ಯಾರೋ ನೀರು ಚಿಮುಕಿಸಿದರು, ಇನ್ಯಾರೋ ಈರುಳ್ಳಿ ಕೇಳಿದರು. ಅಡುಗೆಮನೆಯ ಬಾಗಿಲಿನಲ್ಲಿದ್ದ ಮಲಕವ್ವ, "ದವಾಖಾನಿಗೆ ಒಯ್ಯಿರಿ ಮೊದ್ಲ! ನಿಂತ ಏನ್ ನೋಡ್ತೀರಿ?" ಎಂದು ಕಿರುಚಿದಳು. ಆ ಮನೆಯಲ್ಲಿ ಬುದ್ಧಿ ಇದ್ದ ಮಾತು ಅದೊಂದೇ.

ಕಾರಿನಲ್ಲಿ ಬಸು ಡ್ರೈವ್ ಮಾಡಿದ, ಮುಂದೆ ಇರಣ್ಣ, ಹಿಂದೆ ನಾನು ಅವಳನ್ನು ಅಪ್ಪಿಕೊಂಡು. ಹೋಪ್ ಫಾರ್ಮ್ ಸಿಗ್ನಲ್‌ನಲ್ಲಿ ಎರಡು ನೀರಿನ ಟ್ಯಾಂಕರ್‌ಗಳ ನಡುವೆ ಸಿಕ್ಕಿಕೊಂಡೆವು. ಅವಳಿಗೆ ಎಚ್ಚರ ಬಂದಿತ್ತು. ಮಾತಿಲ್ಲ, ಉಸಿರು ಮಾತ್ರ, ಚಿಕ್ಕ ಚಿಕ್ಕದಾಗಿ. ಬಸು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ನನ್ನ ಎದೆಯೊಳಗೆ ಒಂದು ಮಾತು ಏಳುತ್ತಿತ್ತು: ಮಾತ್ರೆ, ಕಾಲು, ಮಲಕವ್ವನ ನೆಗೆಣ್ಣಿ. ಅದನ್ನು ಒತ್ತಿ ಒತ್ತಿ ಕೆಳಗೆ ಕೂಡಿಸಿದೆ. ಉಪವಾಸ, ಉಪವಾಸ, ಬರೀ ಉಪವಾಸ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವಳನ್ನು ಮಂಚಕ್ಕೆ ಹಾಕಿ ಆಕ್ಸಿಜನ್ ಮಾಸ್ಕ್ ಕಟ್ಟಿದರು. ಡಾಕ್ಟರ್ ಶ್ಯಾಮಲಾ ಎನ್ನುವ ಹುಡುಗಿ, ನನ್ನ ಸೊಸೆಗಿಂತ ಚಿಕ್ಕವಳೇ ಇರಬೇಕು, ನಾಡಿ ನೋಡುತ್ತ, ಯಂತ್ರ ನೋಡುತ್ತ ಪ್ರಶ್ನೆ ಕೇಳಿದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ ಐದು ನಿಮಿಷ.

"ಏನಾದ್ರೂ ಮಾತ್ರೆ ತಗೋತಿದ್ದಾರಾ? ಯಾವ್ದೇ ಮಾತ್ರೆ?"

"ಇಲ್ಲ ಡಾಕ್ಟರ್" ಎಂದ ಬಸು. ಅವನ ಮಟ್ಟಿಗೆ ಅದು ನಿಜವೇ. ಅವನಿಗೆ ಹೇಳಬೇಡ ಎಂದವಳು ನಾನಲ್ಲವೇ?

"ಲಾಸ್ಟ್ ಪೀರಿಯಡ್ ಯಾವಾಗ ಆಗಿತ್ತು?"

ಬಸು ನನ್ನ ಮುಖ ನೋಡಿದ. ಆರು ವರ್ಷ ಹೆಂಡತಿಯ ಜೊತೆ ಸಂಸಾರ ಮಾಡಿದವನು, ಕಂಪನಿಯ ಮೂರು ತಿಂಗಳ ಮುಂದಿನ ಮೀಟಿಂಗಿನ ತಾರೀಖು ಬಾಯಲ್ಲಿ ಇಟ್ಟುಕೊಂಡವನು, ಇದಕ್ಕೆ ಅವ್ವನ ಮುಖ ನೋಡಿದ.

ಪರದೆಯ ಈಚೆ ಇರಣ್ಣ ನಿಂತಿದ್ದ. ಅವನ ಹಿಂದೆ ಇನ್ನೊಂದು ಕಾರಿನಲ್ಲಿ ಬಂದ ಮಠದ ಇಬ್ಬರು ಹಿರಿಯರು, ಹಣೆಯಲ್ಲಿ ವಿಭೂತಿ. ನಾನು, "ಹೋದ ತಿಂಗಳು ಒಂಬತ್ತಕ್ಕ" ಅಂದೆ. ಅಷ್ಟೇ ಅಂದೆ.

ಡಾಕ್ಟರ್ ಬೆರಳಲ್ಲಿ ಎಣಿಸಿದಳು. "ನಲವತ್ತಾರು ದಿನ. ಪ್ರೆಗ್ನೆನ್ಸಿ ಇರ್ಬಹುದಾ?"

ಇರಣ್ಣನ ಮುಖ ನೋಡಬೇಕಿತ್ತು. ಪರದೆ ಸರಿಸಿ ಒಳಗೇ ಬಂದುಬಿಟ್ಟ. "ಅದಕ್ಕ ತಲಿ ತಿರುಗೇತಿ! ಅಪ್ಪಾವ್ರ ಬಾಯಿಂದ ಮಾತ ಬಂತು, ಅಷ್ಟರಾಗ ಫಲ ಕೊಟ್ಟಬಿಟ್ರ ನೋಡು!" ಹಿರಿಯರಿಬ್ಬರು "ಶಿವಾ, ಶಿವಾ" ಅಂದರು. ಬಸುವಿನ ಹೆದರಿದ ಮುಖದಲ್ಲಿ ಒಂದು ಬೆಳಕು ಹತ್ತಿತು. ನನ್ನ ಮಗ ಅಪ್ಪನಾಗುವ ಸಂತೋಷದಲ್ಲಿ ಕಣ್ಣು ಒರೆಸಿಕೊಂಡ. ಅದನ್ನು ನೋಡುತ್ತ ನಾನು ಕಲ್ಲಿನ ಹಾಗೆ ನಿಂತೆ.

ಡಾಕ್ಟರ್ ಶ್ಯಾಮಲಾ ನಗಲಿಲ್ಲ. "ಖುಷಿ ಪಡೋ ಟೈಮ್ ಅಲ್ಲ ಸಾರ್ ಇದು. ಆಕ್ಸಿಜನ್ ತುಂಬ ಕಮ್ಮಿ ಇದೆ, ಹಾರ್ಟ್‌ರೇಟ್ ನೂರಮೂವತ್ತು. ಶ್ವಾಸಕೋಶದಲ್ಲಿ ಏನೋ ಬ್ಲಾಕ್ ಆಗಿರೋ ಡೌಟ್ ಇದೆ. ಡೈ ಹಾಕಿ ಸಿಟಿ ಸ್ಕ್ಯಾನ್ ಮಾಡ್ಬೇಕು. ಇಲ್ಲಿ ಸೈನ್ ಮಾಡಿ."

ಬಸು ಪೆನ್ನು ತಗೊಂಡ. ಇರಣ್ಣ ಅವನ ಮಣಿಕಟ್ಟು ಹಿಡಿದ.

"ತಡಿಯೋ ಬಸೂ. ಸ್ಕ್ಯಾನ್ ಅಂದ್ರ ಕೂಸಿಗಿ ತ್ರಾಸ ಆಗ್ತೈತಿ. ಡಾಕ್ಟ್ರ, ಕೂಸಿಗಿ ಏನೂ ಆಗೂದಿಲ್ಲಂತ ಬರ್ದ ಕೊಡ್ತೀರೇನು?"

"ಪ್ರೆಗ್ನೆಂಟ್ ಆಗಿದ್ರೆ ಸ್ವಲ್ಪ ರಿಸ್ಕ್ ಇದೆ. ಆದ್ರೆ ತಾಯಿ ಉಳಿಬೇಕಲ್ವಾ ಮೊದ್ಲು?"

"ಡಾಕ್ಟರ್, ಪ್ರೆಗ್ನೆನ್ಸಿ ಟೆಸ್ಟ್ ರಿಪೋರ್ಟ್ ಬರೋ ತನಕ ವೇಟ್ ಮಾಡ್ಬಹುದಾ?" ಅಂದ ಬಸು.

"ಬ್ಲಡ್ ಕಳಿಸಿದೀವಿ, ಮುಕ್ಕಾಲು ಗಂಟೆ ಆಗುತ್ತೆ. ಅಷ್ಟು ಟೈಮ್ ಇದೆಯಾ ಅಂತ ನಂಗೊತ್ತಿಲ್ಲ. ಕಾಲಿಗೆ ಏನಾದ್ರೂ ಪೆಟ್ಟಾಗಿತ್ತಾ? ಎಡಗಾಲು ಊದಿದೆ."

"ಕೂತ ಕೂತ ಕೆಲಸ ಮಾಡ್ತಾಳ್ರಿ" ಅಂದೆ ನಾನು. ನನ್ನ ದನಿಯೇ. ಮತ್ತೊಂದು ಸುಳ್ಳು ಅಂತಲ್ಲ, ಸತ್ಯದ ಒಂದು ಚೂರು ಮುರಿದು ಕೊಟ್ಟು ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡೆ.

ಬಸು ಪೆನ್ನು ಹಿಡಿದೇ ನಿಂತ. ಇಲ್ಲದ ಕೂಸಿನ ಪರವಾಗಿ ಗಂಡಸರು ವಾದ ಮಾಡುತ್ತಿದ್ದರು. ಇದ್ದ ಹುಡುಗಿ ಮಂಚದ ಮೇಲೆ ಉಸಿರು ಎಳೆಯುತ್ತಿದ್ದಳು. ಹನ್ನೆರಡೂಕಾಲು ಆಯಿತು. ಇಪ್ಪತ್ತೈದಾಯಿತು. ಡಾಕ್ಟರ್ ಯಾರಿಗೋ ಫೋನ್ ಮಾಡಿ ದೊಡ್ಡ ಡಾಕ್ಟರನ್ನು ಕರೆದಳು, ಅವರು ಬೇರೆ ಕಟ್ಟಡದಲ್ಲಿದ್ದರು. ಯಂತ್ರ ಕಿರ್ ಕಿರ್ ಎನ್ನತೊಡಗಿತು, ನರ್ಸ್ ಒಂದು ಗುಂಡಿ ಒತ್ತಿ ನಿಲ್ಲಿಸಿದಳು. ಮತ್ತೆ ಕಿರ್ ಕಿರ್.

ನಾನು ಏನು ಯೋಚಿಸುತ್ತಿದ್ದೆ ಎಂದು ಕೇಳಿ. ಸೊಸೆ ಸಾಯುತ್ತಾಳೆ ಎಂದಲ್ಲ. ಇಷ್ಟು ಜನ ಗಂಡಸರ ನಡುವೆ ಆ ಮಾತನ್ನು ಯಾವ ಶಬ್ದದಲ್ಲಿ ಹೇಳುವುದು ಎಂದು ಯೋಚಿಸುತ್ತಿದ್ದೆ. ಮಠದ ಹಿರಿಯರು ಕೇಳಿದರೆ, ಭಾಷಣ ಮಾಡುವ ಸುಮಂಗಲಾ ಟೀಚರ್ ಮನೆಯಲ್ಲಿ ಹೀಗಂತೆ ಎಂದು ನಾಳೆ ಊರಿಗೆಲ್ಲ ಗೊತ್ತಾಗುತ್ತದೆ. ಬಸು ನನ್ನನ್ನು ಏನೆಂದುಕೊಳ್ಳುತ್ತಾನೆ? ರಿಪೋರ್ಟ್ ಬರಲಿ, ಬಸುರಿಲ್ಲ ಎಂದು ಅದೇ ಹೇಳುತ್ತದೆ, ನಾನ್ಯಾಕೆ ಬಾಯಿ ಬಿಡಬೇಕು? ಇಂಥ ಲೆಕ್ಕ. ನಾಚಿಕೆ ಎನ್ನುವುದು ಎಷ್ಟು ಕ್ರೂರ ಪ್ರಾಣಿ ಎಂದು ನನಗೆ ಅಂದು ಗೊತ್ತಾಯಿತು. ಸ್ಫೂರ್ತಿಯ ಕಣ್ಣು ತೆರೆದೇ ಇತ್ತು. ಅವಳು ಏನು ನೋಡುತ್ತಿದ್ದಾಳೆಂದು ನಾನು ನೋಡಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ.

ಹನ್ನೆರಡು ಐವತ್ತಕ್ಕೆ ಅವಳು ಕಾಲನ್ನು ಒಮ್ಮೆ ಜಾಡಿಸಿದಳು. ಕತ್ತು ಪಕ್ಕಕ್ಕೆ ವಾಲಿತು. ನರ್ಸ್ "ಡಾಕ್ಟರ್!" ಎಂದು ಕೂಗಿದಳು. ಸೀರೆ ಸರಿದು ಆ ಎಡಗಾಲು ಕಾಣಿಸಿತು. ಬಾತು ಬಿಗಿದು ಹೊಳೆಯುತ್ತಿತ್ತು, ನಾನು ತಿಕ್ಕಿದ ಕಾಲು.

"ಆಕಿ ಬಸುರಿಲ್ಲ" ಅಂದೆ.

ಯಾರಿಗೂ ಕೇಳಲಿಲ್ಲ. ನಾನು ಮಗನ ಕೈಯ ಮೇಲಿದ್ದ ಅಣ್ಣನ ಕೈಯನ್ನು ಕಿತ್ತು ಎಸೆದೆ.

"ಬಸುರಿಲ್ಲ ಅಂದ್ನಿ! ಮುಟ್ಟು ನಾನ ನಿಲ್ಸೀನಿ. ಮಾತ್ರಿ ಕೊಟ್ಟ ನಿಲ್ಸೀನಿ. ದಿನಕ್ಕ ಮೂರು, ಇಪ್ಪತ್ತೆರಡು ದಿನ. ಕಾಲು ಮೂರ ದಿನದಿಂದ ಬಾತೈತಿ. ನಾನ ತಿಕ್ಕೀನಿ, ಎಣ್ಣಿ ಹಚ್ಚಿ ತಿಕ್ಕೀನಿ. ಬಸೂ, ಸೈನ್ ಮಾಡೋ!"

ಪಕ್ಕದ ಮಂಚದವರೂ ತಿರುಗಿ ನೋಡಿದರು. ಡಾಕ್ಟರ್ ಶ್ಯಾಮಲಾ ನನ್ನನ್ನು ಒಂದೇ ಕ್ಷಣ ನೋಡಿದಳು. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಅದಕ್ಕೂ ಅವಳಿಗೆ ಸಮಯವಿರಲಿಲ್ಲ. "ಇಷ್ಟೊತ್ತು ಯಾಕಮ್ಮ ಹೇಳ್ಲಿಲ್ಲ?" ಎಂದು ಕೇಳುತ್ತಲೇ ನರ್ಸಿಗೆ ಇಂಜೆಕ್ಷನ್ನಿನ ಹೆಸರು ಹೇಳಿದಳು. ಬಸು ಸೈನ್ ಹಾಕಿದ. ಮಂಚವನ್ನು ಓಡಿಸಿಕೊಂಡು ಹೋದರು. ಇರಣ್ಣ, ಹಿರಿಯರು, ಎಲ್ಲರೂ ಗೋಡೆಗೆ ಆತು ದಾರಿ ಬಿಟ್ಟರು.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಿತ್ತು. ಅಂಥ ಮಾತ್ರೆ ಕೆಲವರಿಗೆ ಹೀಗೆ ಮಾಡಬಹುದು, ಡಾಕ್ಟರ್ ಹೇಳದೆ ವಾರಗಟ್ಟಲೆ ತಗೊಳ್ಳುವ ಮಾತ್ರೆ ಅದಲ್ಲ, ಬಾತ ಕಾಲನ್ನು ತಿಕ್ಕಲೇಬಾರದಿತ್ತು ಎಂದು ದೊಡ್ಡ ಡಾಕ್ಟರ್ ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ನನಗೆ ಹೇಳಿದರು. ನಾಳೆ ಬೆಳಗಿನ ತನಕ ಏನೂ ಹೇಳಲಾಗದು ಎಂದರು. ಬಸು ನನ್ನ ಪಕ್ಕದ ಕುರ್ಚಿಯಿಂದ ಎದ್ದು ಎದುರಿನ ಸಾಲಿಗೆ ಹೋಗಿ ಕೂತ.

ಸಂಜೆ ಇರಣ್ಣ ಬಂದ. ಸ್ವಾಮಿಗಳಿಗೆ ಫೋನಿನಲ್ಲಿ ಎಲ್ಲ ಹೇಳಿದನಂತೆ.

"ಏನಂದ್ರು?"

"ಆ ಮಗಳು ಹೊರಗಾಗಿದ್ರ ನನಗೇನ ಆಗ್ತಿತ್ತು, ನಾನೇನ ಕೇಳಿದ್ನೇನು, ನಮ್ಮಲ್ಲಿ ಅದು ಇಲ್ಲಲ್ಲ, ಅಂದ್ರು."

ಅವರು ಕೇಳಿರಲಿಲ್ಲ, ನಿಜ. ಇರಣ್ಣನೂ ಕೇಳಿರಲಿಲ್ಲ. ಇಡೀ ಜಗತ್ತಿನಲ್ಲಿ ಯಾರೂ ಕೇಳದ ಒಂದು ಮಡಿಗಾಗಿ ನಾನು ಅವಳ ಬಾಯಿಗೆ ಅರವತ್ತಕ್ಕೂ ಹೆಚ್ಚು ಮಾತ್ರೆ ಹಾಕಿದ್ದೆ. ಆದರೆ ಹೀಗೆ ಮಾಡಬೇಡಿ ಎಂದು ಅವರೂ ಎಂದೂ ಹೇಳಿರಲಿಲ್ಲವಲ್ಲ? ಅಷ್ಟು ಮನೆಗಳಲ್ಲಿ ಪಾದ ತೊಳೆಸಿಕೊಂಡಿದ್ದಾರೆ. ಒಂದು ಮನೆಯಲ್ಲಿಯೂ ಒಬ್ಬ ಸೊಸೆಯೂ ಆ ದಿನ ಹೊರಗಾಗಿರಲಿಲ್ಲ ಎನ್ನುವುದು ಅವರಿಗೆ ವಿಚಿತ್ರ ಅನ್ನಿಸಿರಲಿಲ್ಲವೇ? ಇದನ್ನು ಅಣ್ಣನಿಗೆ ಹೇಳಿದೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಸ್ಫೂರ್ತಿ ಬದುಕಿದಳು. ಮೂರನೆಯ ದಿನ ನನ್ನನ್ನು ಐಸಿಯು ಒಳಗೆ ಐದು ನಿಮಿಷ ಬಿಟ್ಟರು. ದಾವಣಗೆರೆಯಿಂದ ಅವಳ ಅವ್ವ ಬಂದಿದ್ದರು, ಬಸು ಇದ್ದ, ಆದರೂ ಅವಳು ಮೊದಲು ನನ್ನನ್ನು ಕರೆದಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡು ಹೋದೆ. ಕಾಲು ಹಿಡಿಯಲೂ ಸಿದ್ಧವಾಗಿದ್ದೆ. ಮಾಸ್ಕ್ ತೆಗೆದು ಮೂಗಿಗೆ ಸಣ್ಣ ನಳಿಗೆ ಹಾಕಿದ್ದರು. ಮುಖ ಒಂದು ಹಿಡಿಯಷ್ಟಾಗಿತ್ತು.

"ಡಾಕ್ಟರಿಗೆ ಯಾರು ಹೇಳಿದ್ದು ಅತ್ತೆ, ಮಾತ್ರೆ ವಿಷ್ಯ?"

"ನಾನ ಹೇಳಿದ್ನವ್ವ."

"ಯಾವಾಗ?"

ಕೂಡಲೇ ಹೇಳಿದೆ ಎನ್ನಬಹುದಿತ್ತು. ಕಣ್ಣು ತೆರೆದಿದ್ದರೂ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ ಎಂದುಕೊಂಡಿದ್ದೆ. ನಾಲಿಗೆಯ ತುದಿಯ ತನಕ ಬಂದಿತ್ತು. ಆದರೆ ಇನ್ನೊಂದು ಸುಳ್ಳು ಹೇಳುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

"ಮುಕ್ಕಾಲು ತಾಸಿನ ಮ್ಯಾಲೆ" ಅಂದೆ. "ತಪ್ಪಾತವ್ವ. ಭಾಳ ದೊಡ್ಡ ತಪ್ಪಾತು."

ಅವಳು ತಲೆ ಅಲ್ಲಾಡಿಸಿದಳು, ಗೊತ್ತು ಎನ್ನುವ ಹಾಗೆ. ಒಂದೊಂದು ಮಾತಿಗೂ ಉಸಿರು ತಗೊಂಡು, ಸಿಟ್ಟಿಲ್ಲದೆ ಹೇಳಿದಳು.

"ನಂಗೆ ಎಲ್ಲ ಕೇಳಿಸ್ತಿತ್ತು ಅತ್ತೆ. ಮಾಮ ಖುಷಿ ಪಟ್ಟಿದ್ದು, ಬಸು ಅತ್ತಿದ್ದು. ಹೇಳ್ಬೇಕು ಅಂದ್ರೆ ಬಾಯಿಂದ ಮಾತೇ ಬರ್ತಿರ್ಲಿಲ್ಲ. ನಿಮ್ಗೊಬ್ರಿಗೇ ಗೊತ್ತಿದ್ದಿದ್ದು. ಈಗ ಹೇಳ್ತೀರಾ, ಈಗ ಹೇಳ್ತೀರಾ ಅಂತ ನಿಮ್ಮ ಬಾಯೇ ನೋಡ್ತಾ ಮಲಗಿದ್ದೆ."

ನರ್ಸ್ ಬಂದು ಐದು ನಿಮಿಷ ಆಯಿತು ಎಂದಳು. ಸ್ಫೂರ್ತಿ ಕಣ್ಣು ಮುಚ್ಚಿಕೊಂಡಳು. ನಾನು ಕೈ ಚಾಚಿದೆ, ಅವಳ ಕೈ ಹಿಡಿಯಬಹುದೇ ಎಂದು ಕೇಳಿದೆ. ಅವಳು ಕಣ್ಣು ತೆರೆಯಲಿಲ್ಲ. ನಾನು ಮುಟ್ಟದೆ ಹೊರಗೆ ಬಂದೆ.